ಹಳೆಯ ಟೆಲಿಫೋನಿಗೆ ರಿಂಗ್ ಸೂಚಕ ದೀಪ ಅಳವಡಿಸುವುದು: ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ಹಳೆಯ ಡಯಲ್ ಟೆಲಿಫೋನಿಗೆ ಕರೆ ಬಂದಾಗ ಬೆಳಗುವ ದೀಪವೊಂದನ್ನು ಜೋಡಿಸಲು ಹೊರಟವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಎಲ್‌ಇಡಿಗೆ ಒಂದು ರೆಸಿಸ್ಟರ್ ಸೇರಿಸಿ ನೇರವಾಗಿ ಲೈನಿಗೆ ಕೊಡುತ್ತಾರೆ. ಕರೆ ಇಲ್ಲದಿದ್ದರೂ ಅದು ಉರಿಯುತ್ತಲೇ ಇರುತ್ತದೆ. ಕರೆಂಟ್ ಸ್ವಲ್ಪ ಹೆಚ್ಚಾದರೆ ರಿಸೀವರ್ ಎತ್ತಲಾಗಿದೆ ಎಂದು ಎಕ್ಸ್‌ಚೇಂಜ್ ತಿಳಿದುಕೊಳ್ಳುತ್ತದೆ, ಆಮೇಲೆ ಹೊರಗಿನಿಂದ ಯಾರು ಕರೆ ಮಾಡಿದರೂ ಲೈನು ಬ್ಯುಸಿ ಎಂದೇ ಕೇಳಿಸುತ್ತದೆ. ಇನ್ನು ಕೆಲವರು ಮೊದಲು ಫೋನಿನ ಕವಚಕ್ಕೆ ರಂಧ್ರ ಕೊರೆದು, ದೀಪ ಕೂರಿಸಿ, ಆನಂತರ ತಂತಿ ಎಲ್ಲಿಗೆ ಜೋಡಿಸಬೇಕೆಂದು ಹುಡುಕುತ್ತಾರೆ. ಕೊನೆಗೆ ದೀಪವೂ ಹೊತ್ತದೆ, ಗಂಟೆಯೂ ಬಾರಿಸದೆ, ಕವಚ ಮಾತ್ರ ಸೀಳಿರುತ್ತದೆ.

ಈ ಕೆಲಸದಲ್ಲಿ ಎಲೆಕ್ಟ್ರಾನಿಕ್ಸ್ ತುಂಬಾ ಕಡಿಮೆ. ಸರಿಯಾದ ಕ್ರಮವೇ ಮುಖ್ಯ. ಮೊದಲು ಲೈನನ್ನು ಅಳೆಯಬೇಕು, ಆಮೇಲೆ ದೀಪದ ಬಗೆಯನ್ನು ನಿರ್ಧರಿಸಬೇಕು, ಸರ್ಕ್ಯೂಟನ್ನು ಫೋನಿನ ಹೊರಗೇ ಪರೀಕ್ಷಿಸಬೇಕು, ಎಲ್ಲಕ್ಕೂ ಕೊನೆಯಲ್ಲಿ ಫೋನಿನ ಒಳಗೆ ಕೂರಿಸಬೇಕು. ಈ ಬರಹವು ಎರಡು ತಂತಿಯ ಸಾಮಾನ್ಯ ಲೈನಿಗೆ ಅಥವಾ ಇಂಟರ್ನೆಟ್ ಫೋನ್ ಅಡಾಪ್ಟರಿಗೆ ಜೋಡಿಸುವ ಡಯಲ್ ಫೋನುಗಳಿಗೆ ಅನ್ವಯಿಸುತ್ತದೆ. ಕೈಯಿಂದ ತಿರುಗಿಸುವ ಮ್ಯಾಗ್ನೆಟೋ ಇರುವ, ಒಳಗೇ ಬ್ಯಾಟರಿ ಬೇಡುವ ಫೋನುಗಳ ವ್ಯವಸ್ಥೆ ಬೇರೆಯಾದ್ದರಿಂದ ಅವನ್ನು ಇಲ್ಲಿ ಸೇರಿಸಿಲ್ಲ.

ಲೈನಿನ ಮೂರು ಸ್ಥಿತಿಗಳು

ರಿಸೀವರ್ ಇಟ್ಟಿರುವಾಗ ಲೈನಿನ ಎರಡು ತಂತಿಗಳ ನಡುವೆ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ, ಆದರೆ ಕರೆಂಟ್ ಹರಿಯುವುದಿಲ್ಲ. ರಿಸೀವರ್ ಎತ್ತಿದೊಡನೆ ಕೆಲವು ಹತ್ತು ಮಿಲಿಆಂಪಿಯರ್ ಹರಿಯಲು ತೊಡಗುತ್ತದೆ ಮತ್ತು ಫೋನಿನ ತುದಿಯಲ್ಲಿ ವೋಲ್ಟೇಜ್ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಎಕ್ಸ್‌ಚೇಂಜ್ ಗಮನಿಸುವುದು ಈ ಡಿಸಿ ಕರೆಂಟನ್ನೇ. ನೀವು ಜೋಡಿಸುವ ಯಾವ ಭಾಗವೂ ರಿಸೀವರ್ ಇಟ್ಟಿರುವಾಗ ಡಿಸಿ ಕರೆಂಟನ್ನು ಎಳೆಯಬಾರದು ಎಂಬುದು ಇದರಿಂದ ಹುಟ್ಟುವ ಮೊದಲ ನಿಯಮ.

ಕರೆ ಬಂದಾಗ ಈ ಡಿಸಿಯ ಮೇಲೆ ನಿಧಾನಗತಿಯ ಎಸಿ ಸೇರಿಕೊಳ್ಳುತ್ತದೆ. ಅದರ ಆವರ್ತನ ಸಾಮಾನ್ಯವಾಗಿ 20 ಅಥವಾ 25 ಹರ್ಟ್ಸ್, ವೋಲ್ಟೇಜ್ 75ರಿಂದ 90 ವೋಲ್ಟ್ ಆರ್‌ಎಂಎಸ್ (ಏರಿಳಿಯುವ ಎಸಿಯ ಪರಿಣಾಮಕಾರಿ ಮೌಲ್ಯ, ಮಲ್ಟಿಮೀಟರ್ ತೋರಿಸುವ ಅಂಕೆ). 90 ವೋಲ್ಟ್ ಆರ್‌ಎಂಎಸ್ ಎಂದರೆ ಅಲೆಯ ತುದಿಯಲ್ಲಿ ಸುಮಾರು 127 ವೋಲ್ಟ್. ಡಿಸಿಯನ್ನೂ ಕೂಡಿಸಿದರೆ ತಂತಿಗಳ ನಡುವೆ ಕ್ಷಣಕಾಲ 175 ವೋಲ್ಟಿನವರೆಗೆ ಏರುತ್ತದೆ. ಇದು ಕೈಗೆ ಜೋರಾಗಿಯೇ ಹೊಡೆಯುವ ಶಾಕ್. ನಮ್ಮ ದೀಪ ಬೆಳಗಬೇಕಾದದ್ದು ಈ ಎಸಿಗೆ ಮಾತ್ರ.

ಇನ್ನೊಂದು ಮಾತೂ ಗೊತ್ತಿರಬೇಕು. ಗಂಟೆ ಬಾರಿಸಲು ಒಂದು ಲೈನು ಕೊಡಬಲ್ಲ ಶಕ್ತಿಗೆ ಮಿತಿ ಇದೆ. ಆ ಹೊರೆಯನ್ನು ಆರ್‌ಇಎನ್ ಎಂಬ ಅಂಕದಲ್ಲಿ ಲೆಕ್ಕ ಹಾಕುತ್ತಾರೆ. ರಿಂಗಿನ ಎಸಿಗೆ ಸುಮಾರು 7,000 ಓಮ್ ತಡೆ ಒಡ್ಡುವ ಗಂಟೆಯನ್ನು 1 ಎಂದು ಎಣಿಸಲಾಗುತ್ತದೆ. ಸಾಮಾನ್ಯ ಲೈನು 5ರವರೆಗೆ ತಾಳಿಕೊಳ್ಳುತ್ತದೆ, ಇಂಟರ್ನೆಟ್ ಫೋನ್ ಅಡಾಪ್ಟರುಗಳಲ್ಲಿ ಹಲವು ಅಷ್ಟನ್ನು ತಾಳುವುದಿಲ್ಲ. ಹಳೆಯ ಲೋಹದ ಗಂಟೆಯೊಂದೇ ಸುಮಾರು 1 ಅಥವಾ ಅದಕ್ಕಿಂತ ಹೆಚ್ಚು ಹೊರೆಯಾಗಿರಬಹುದಾದ್ದರಿಂದ ನಮ್ಮ ದೀಪದ ಹೊರೆ ಆದಷ್ಟೂ ಹಗುರವಾಗಿರಬೇಕು.

ಬೇಕಾಗುವ ಸಾಮಾನು

ಎಸಿ ಮತ್ತು ಡಿಸಿ ವೋಲ್ಟೇಜ್, ಓಮ್, ಮೈಕ್ರೋಆಂಪಿಯರ್ ಅಳೆಯಬಲ್ಲ ಮಲ್ಟಿಮೀಟರ್, ಅಳತೆಗೆ ಸರಿಹೊಂದುವ ಸ್ಕ್ರೂಡ್ರೈವರುಗಳು, ಸೋಲ್ಡರಿಂಗ್ ಐರನ್, ಹೀಟ್ ಶ್ರಿಂಕ್ ಸ್ಲೀವ್, ಸ್ಕ್ರೂವಿನ ಕೆಳಗೆ ಕೂರುವ ಕವಲು ತುದಿಯ ಲಗ್‌ಗಳು, ತೆಳುವಾದ ಇನ್ಸುಲೇಟೆಡ್ ತಂತಿ. ಪರೀಕ್ಷೆಗಾಗಿ ಎರಡು ತಂತಿಗಳ ತುದಿ ಹೊರಗಿರುವ ಒಂದು ಹೆಚ್ಚುವರಿ ಟೆಲಿಫೋನ್ ಬಳ್ಳಿ, ಕರೆ ಮಾಡಲು ಒಂದು ಮೊಬೈಲ್.

ನಿಯಾನ್ ದಾರಿ ಹಿಡಿಯುವವರಿಗೆ ಎನ್‌ಇ-2 ಮಾದರಿಯ ಒಂದು ಪುಟ್ಟ ನಿಯಾನ್ ದೀಪ ಮತ್ತು 100 ಕಿಲೋಓಮಿನ ಅರ್ಧ ವ್ಯಾಟ್ ರೆಸಿಸ್ಟರ್ ಸಾಕು. ಎಲ್‌ಇಡಿ ದಾರಿಗೆ 0.22 ಮೈಕ್ರೋಫ್ಯಾರಡಿನ, ಕನಿಷ್ಠ 250 ವೋಲ್ಟ್ (400 ಇದ್ದರೆ ಇನ್ನೂ ಒಳ್ಳೆಯದು) ತಾಳುವ ಫಿಲ್ಮ್ ಕೆಪ್ಯಾಸಿಟರ್, 10 ಕಿಲೋಓಮಿನ ಅರ್ಧ ವ್ಯಾಟ್ ರೆಸಿಸ್ಟರ್, 1ಎನ್4007 ಡಯೋಡ್ ನಾಲ್ಕು, 100 ಮೈಕ್ರೋಫ್ಯಾರಡ್ 16 ವೋಲ್ಟಿನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್, 12 ವೋಲ್ಟ್ 1 ವ್ಯಾಟಿನ ಝೀನರ್ (ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ಡಯೋಡ್), 470 ಓಮಿನ ರೆಸಿಸ್ಟರ್ ಮತ್ತು ಕಡಿಮೆ ಕರೆಂಟಿನಲ್ಲೂ ಚೆನ್ನಾಗಿ ಬೆಳಗುವ ಒಂದು ಎಲ್‌ಇಡಿ ಬೇಕು. ಲೈನಿನ ಕಡೆಯ ಕೆಪ್ಯಾಸಿಟರ್ ಫಿಲ್ಮ್ ಬಗೆಯದೇ ಆಗಿರಲಿ. ಅಲ್ಲಿ ಎಲೆಕ್ಟ್ರೋಲಿಟಿಕ್ ಹಾಕಿದರೆ ದಿಕ್ಕು ಬದಲಿಸುವ ವೋಲ್ಟೇಜಿಗೆ ಅದು ಹಾಳಾಗಿ ಸೋರತೊಡಗುತ್ತದೆ.

ಹಂತ 1: ಲೈನ್ ಕಳಚಿ, ಫೋನಿನ ಆರೋಗ್ಯ ನೋಡಿ

ಫೋನಿನ ಬಳ್ಳಿಯನ್ನು ಗೋಡೆಯಿಂದ ಕಳಚದೆ ಕವಚ ತೆಗೆಯಬೇಡಿ. ಕರೆ ಯಾವಾಗ ಬರುತ್ತದೆಂದು ಯಾರಿಗೂ ತಿಳಿದಿರುವುದಿಲ್ಲ. ಕೈಯಲ್ಲಿ ಸ್ಕ್ರೂ ಹಿಡಿದಿರುವಾಗಲೇ ಬಂದರೆ ಬೆರಳು ಬೆಚ್ಚಿ, ಸ್ಕ್ರೂಡ್ರೈವರ್ ಜಾರಿ, ಗಂಟೆಯ ಕೂದಲೆಳೆಯಂಥ ಸುರುಳಿ ತಂತಿ ತುಂಡಾಗುತ್ತದೆ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಈ ಕೆಲಸವನ್ನೇ ಮುಂದಕ್ಕೆ ಹಾಕಿ.

ಕವಚ ತೆಗೆದ ಮೇಲೆ ಯಾವುದನ್ನೂ ಮುಟ್ಟುವ ಮೊದಲು ಎಲ್ಲ ಕೋನಗಳಿಂದ ಫೋಟೋ ತೆಗೆಯಿರಿ. ಯಾವ ಬಣ್ಣದ ತಂತಿ ಯಾವ ಸ್ಕ್ರೂವಿಗೆ ಹೋಗಿದೆ ಎಂಬುದನ್ನು ಕಾಗದದ ಮೇಲೂ ಬರೆದುಕೊಳ್ಳಿ, ಏಕೆಂದರೆ ಹಳೆಯ ಬಟ್ಟೆ ಹೊದಿಕೆಯ ತಂತಿಗಳ ಬಣ್ಣ ಮಾಸಿ ಕೆಂಪು, ಕಂದು ಎಲ್ಲವೂ ಫೋಟೋದಲ್ಲಿ ಒಂದೇ ಆಗಿ ಕಾಣುತ್ತವೆ.

ಈಗ ಗೋಡೆಯ ಬಳ್ಳಿಯ ತಂತಿಗಳು ಬಂದು ಸೇರುವ ಎರಡು ಸ್ಕ್ರೂಗಳನ್ನು ಗುರುತಿಸಿ. ಹಲವು ಫೋನುಗಳಲ್ಲಿ ಅವುಗಳ ಪಕ್ಕದಲ್ಲಿ ಎಲ್1, ಎಲ್2 ಎಂದು ಕೊರೆದಿರುತ್ತದೆ. ಮಲ್ಟಿಮೀಟರನ್ನು ಓಮಿಗೆ ಇಟ್ಟು ಈ ಎರಡರ ನಡುವೆ ಅಳೆಯಿರಿ. ರಿಸೀವರ್ ಎತ್ತಿದಾಗ ಪ್ರತಿರೋಧ ಸಾಮಾನ್ಯವಾಗಿ ಸಾವಿರ ಓಮಿಗಿಂತ ಕಡಿಮೆ ಇರುತ್ತದೆ ಮತ್ತು ಕಾರ್ಬನ್ ಮೈಕ್ ಇದ್ದರೆ ಅಂಕೆ ಅಲುಗಾಡುತ್ತದೆ. ರಿಸೀವರ್ ಇಟ್ಟಾಗ ಮುಳ್ಳು ಅಥವಾ ಅಂಕೆ ಒಮ್ಮೆ ಜಿಗಿದು ಅನಂತಕ್ಕೆ ಹೋಗಬೇಕು. ಆ ಜಿಗಿತ ಗಂಟೆಯ ಕೆಪ್ಯಾಸಿಟರ್ ಚಾರ್ಜ್ ಆಗುವ ಗುರುತು.

ರಿಸೀವರ್ ಇಟ್ಟಿದ್ದರೂ ಅಂಕೆ ಕೆಲವು ಲಕ್ಷ ಓಮಿನಲ್ಲಿ ನಿಂತುಬಿಟ್ಟರೆ ಹಳೆಯ ಕೆಪ್ಯಾಸಿಟರ್ ಸೋರುತ್ತಿದೆ ಎಂದರ್ಥ. ಅದನ್ನು ಸರಿಪಡಿಸದೆ ಮುಂದುವರಿಯಬೇಡಿ. ದೀಪ ಹಾಕಿದ ಮೇಲೆ ಲೈನು ಕೆಟ್ಟರೆ ತಪ್ಪು ದೀಪದ್ದೋ ಫೋನಿನದೋ ಎಂದು ಬೇರ್ಪಡಿಸಲು ಆಗುವುದಿಲ್ಲ.

ಕೆಲವು ಫೋನುಗಳ ಬಳ್ಳಿಯಲ್ಲಿ ಮೂರು ತಂತಿಗಳಿದ್ದು, ಗಂಟೆಯ ಒಂದು ತುದಿ ಮೂರನೆಯ ತಂತಿಗೆ ಹೋಗಿರುತ್ತದೆ. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ 500 ಮಾದರಿಯಲ್ಲಿ ಹಳದಿ ತಂತಿ ಇಂಥದ್ದು. ಬ್ರಿಟಿಷ್ ಸಾಕೆಟ್ಟಿಗೆ ಮಾರ್ಪಡಿಸಿದ ಫೋನುಗಳಲ್ಲಿ ಗಂಟೆಯ ಕೆಪ್ಯಾಸಿಟರ್ ಫೋನಿನಲ್ಲಿರದೆ ಗೋಡೆಯ ಸಾಕೆಟ್ಟಿನಲ್ಲಿರಬಹುದು. ಆದ್ದರಿಂದ ದೀಪವನ್ನು ಗಂಟೆಯ ತುದಿಗಳಿಗೆ ಜೋಡಿಸುವ ಯೋಚನೆ ಬೇಡ. ಎಲ್1 ಮತ್ತು ಎಲ್2ಕ್ಕೆ ಸಮಾನವಾದ ಎರಡು ಲೈನ್ ಸ್ಕ್ರೂಗಳಿಗೇ ಜೋಡಿಸಿ. ಹಾಗೆ ಮಾಡಿದರೆ ಮುಂದೆ ಎಂದಾದರೂ ಗಂಟೆಯನ್ನು ಬಿಡಿಸಿ ನಿಶ್ಶಬ್ದ ಮಾಡಿದರೂ ದೀಪ ತನ್ನ ಕೆಲಸ ಮಾಡುತ್ತಿರುತ್ತದೆ. ಕೇಳಿಸುವುದು ಕಡಿಮೆಯಾದವರಿಗಾಗಿ, ಮಲಗಿದ ಮಗುವಿಗಾಗಿ ದೀಪ ಹಾಕುವವರಿಗೆ ಇದು ಮುಖ್ಯ.

ಫೋನಿನಲ್ಲಿ ಮೊದಲೇ ಒಂದು ದೀಪ ಕಂಡರೆ ಅದು ರಿಂಗ್ ದೀಪವೆಂದು ಭಾವಿಸಬೇಡಿ. ಡಯಲ್ ಬೆಳಗಿಸುವ ದೀಪಗಳು, ಹಲವು ಲೈನುಗಳ ಕಚೇರಿ ಫೋನಿನ ಗುಂಡಿಗಳಲ್ಲಿರುವ ದೀಪಗಳು ಪ್ರತ್ಯೇಕವಾದ ಕಡಿಮೆ ವೋಲ್ಟೇಜಿನ ಟ್ರಾನ್ಸ್‌ಫಾರ್ಮರಿನಿಂದ ಉರಿಯುವಂಥವು. ಅವನ್ನು ಲೈನಿಗೆ ಜೋಡಿಸಿದರೆ ಸಣ್ಣ ಪ್ರತಿರೋಧದ ಆ ತಂತು ಡಿಸಿ ಕರೆಂಟನ್ನು ಎಳೆದು ಲೈನನ್ನೇ ಹಿಡಿದಿಡುತ್ತದೆ.

ಹಂತ 2: ರಿಂಗ್ ವೋಲ್ಟೇಜ್ ಅಳೆಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ಹೆಚ್ಚಿನ ಸೋಲುಗಳ ಬೇರೂ ಇಲ್ಲಿದೆ. ಫೋನನ್ನು ಎಂದಿನಂತೆ ಲೈನಿಗೆ ಜೋಡಿಸಿ, ಹೆಚ್ಚುವರಿ ಬಳ್ಳಿಯ ಎರಡು ತುದಿಗಳಲ್ಲಿ ಮಲ್ಟಿಮೀಟರ್ ಇಡಿ. ಗಂಟೆಯ ಹೊರೆ ಲೈನಿನ ಮೇಲಿರುವಾಗಲೇ ಅಳೆಯಬೇಕು. ಬರಿಯ ಲೈನಿನ ಅಳತೆ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ.

ಮೊದಲು ಡಿಸಿ ಅಳೆದು ಬರೆದುಕೊಳ್ಳಿ. ಆಮೇಲೆ ಮಲ್ಟಿಮೀಟರನ್ನು 200 ವೋಲ್ಟಿಗಿಂತ ಮೇಲಿನ ಎಸಿ ಶ್ರೇಣಿಗೆ ಇಡಿ. ಅಗ್ಗದ ಮಲ್ಟಿಮೀಟರುಗಳು ಎಸಿ ಶ್ರೇಣಿಯಲ್ಲೂ ಡಿಸಿಯನ್ನು ಒಳಗೆ ಬಿಟ್ಟುಕೊಂಡು, ಕರೆ ಇಲ್ಲದಾಗಲೂ ನೂರರ ಸಮೀಪದ ಸುಳ್ಳು ಅಂಕೆ ತೋರಿಸುತ್ತವೆ. ಒಂದು ಪ್ರೋಬಿನ ತುದಿಗೆ 0.22 ಮೈಕ್ರೋಫ್ಯಾರಡ್ ಫಿಲ್ಮ್ ಕೆಪ್ಯಾಸಿಟರನ್ನು ಸರಣಿಯಲ್ಲಿ ಸೇರಿಸಿದರೆ ಡಿಸಿ ತಡೆಯಲ್ಪಟ್ಟು ಕರೆ ಇಲ್ಲದಾಗ ಅಂಕೆ ಸೊನ್ನೆಗೆ ಬರುತ್ತದೆ. ಈಗ ಮೊಬೈಲಿನಿಂದ ಕರೆ ಮಾಡಿ, ಗಂಟೆ ಬಾರಿಸುವ ಅವಧಿಯಲ್ಲಿ ಅಂಕೆ ಏರಿ ನಿಲ್ಲುವ ಜಾಗವನ್ನು ನೋಡಿ. ರಿಂಗಿನ ನಡುವಿನ ಮೌನದಲ್ಲಿ ಅದು ಇಳಿಯುವುದರಿಂದ ಹಲವು ರಿಂಗುಗಳವರೆಗೆ ಕಾದು, ಅತಿ ಹೆಚ್ಚಿನ ಅಂಕೆಯನ್ನು ತೆಗೆದುಕೊಳ್ಳಿ. ಲೋಹದ ತುದಿಗಳನ್ನು ಈ ಹೊತ್ತಿನಲ್ಲಿ ಕೈಯಿಂದ ಹಿಡಿಯಬೇಡಿ, ಕ್ಲಿಪ್ಪಿನಲ್ಲೇ ಸಿಕ್ಕಿಸಿಡಿ.

ಹಂತ 3: ನಿಯಾನೋ ಎಲ್‌ಇಡಿಯೋ ಎಂದು ತೀರ್ಮಾನಿಸಿ

ಅಳತೆ 75 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ನಿಯಾನ್ ಹಾಕಿ. 40ರಿಂದ 75ರ ನಡುವೆ ಇದ್ದರೆ ಎಲ್‌ಇಡಿಯೇ ಸರಿ. 40ಕ್ಕಿಂತ ಕಡಿಮೆ ಬಂದರೆ ದೀಪದ ಮಾತು ಬಿಟ್ಟು ಮೊದಲು ಹೊರೆ ಇಳಿಸಿ: ಒಂದೇ ಅಡಾಪ್ಟರಿಗೆ ಎರಡು ಮೂರು ಹಳೆಯ ಗಂಟೆಗಳು ಜೋಡಿಸಲ್ಪಟ್ಟಿರಬಹುದು.

ನನ್ನ ಒಲವು ನಿಯಾನಿನ ಕಡೆಗೆ. ಎನ್‌ಇ-2 ದೀಪ ಸುಮಾರು 65 ವೋಲ್ಟ್ ಎಸಿಗೆ, ಅಂದರೆ 90 ವೋಲ್ಟ್ ಡಿಸಿಗೆ ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕೆಳಗೆ ಅದರ ಮೂಲಕ ಕರೆಂಟ್ ಹರಿಯುವುದೇ ಇಲ್ಲ ಎನ್ನಬಹುದು. 48 ವೋಲ್ಟ್ ಡಿಸಿ ಅದನ್ನು ಎಬ್ಬಿಸಲಾರದು, ರಿಂಗಿನ ಎಸಿ ಎಬ್ಬಿಸುತ್ತದೆ. ನಮಗೆ ಬೇಕಾದ ವಿವೇಚನೆ ಆ ಗಾಜಿನ ಬುರುಡೆಯಲ್ಲೇ ಇರುವುದರಿಂದ ಬೇರೆ ಭಾಗಗಳ ಅಗತ್ಯ ಬೀಳುವುದಿಲ್ಲ, ಹೊರೆಯೂ ನಗಣ್ಯ. ಅದರ ಕಿತ್ತಳೆ ಬೆಳಕು ಹಳೆಯ ಫೋನಿಗೆ ಒಪ್ಪುತ್ತದೆ ಕೂಡ. ಆದರೆ ಅದು ಮಂದವಾದ ಬೆಳಕು. ಹಗಲು ಬೆಳಕಿನ ಕೋಣೆಯಲ್ಲಿ ದೂರದಿಂದ ಕಾಣಬೇಕಾದರೆ ಎಲ್‌ಇಡಿಯನ್ನೇ ಆರಿಸಿಕೊಳ್ಳಿ.

ಎನ್‌ಇ-2ಎಚ್ ಎಂಬ ಹೆಚ್ಚು ಪ್ರಕಾಶದ ಮಾದರಿ ಹೊತ್ತಿಕೊಳ್ಳಲು ಇನ್ನೂ ಹೆಚ್ಚಿನ ವೋಲ್ಟೇಜ್, ಅಂದರೆ ಸುಮಾರು 95 ವೋಲ್ಟ್ ಎಸಿ ಬೇಡುತ್ತದೆ. ಹೆಸರು ಹತ್ತಿರವಿದೆಯೆಂದು ಅದನ್ನು ತಂದು ಹಾಕಿದವರ ದೀಪ ಕೆಲವು ದಿನ ಹೊತ್ತಿ, ಕೆಲವು ದಿನ ಹೊತ್ತದೆ ಸತಾಯಿಸುತ್ತದೆ.

ಹಂತ 4: ನಿಯಾನ್ ದೀಪ ಕಟ್ಟುವುದು

ನಿಯಾನಿನ ಒಂದು ಕಾಲಿಗೆ 100 ಕಿಲೋಓಮ್ ರೆಸಿಸ್ಟರನ್ನು ಬೆಸೆಯಿರಿ. ಕಾಲನ್ನು ಗಾಜಿನ ಬುಡದಲ್ಲೇ ಬಗ್ಗಿಸಬೇಡಿ. ಇಕ್ಕಳದಿಂದ ಬುಡವನ್ನು ಹಿಡಿದು ಅದರ ಆಚೆ ಬಗ್ಗಿಸಿ, ಇಲ್ಲವಾದರೆ ಗಾಜು ಸೂಕ್ಷ್ಮವಾಗಿ ಬಿರುಕುಬಿಟ್ಟು ಅನಿಲ ಸೋರಿಹೋಗುತ್ತದೆ. ರೆಸಿಸ್ಟರಿನ ಇನ್ನೊಂದು ತುದಿಗೂ ನಿಯಾನಿನ ಇನ್ನೊಂದು ಕಾಲಿಗೂ ತಂತಿ ಬೆಸೆದು, ಪ್ರತಿಯೊಂದು ಬೆಸುಗೆಯನ್ನೂ ಬೇರೆ ಬೇರೆ ಸ್ಲೀವಿನಿಂದ ಮುಚ್ಚಿ. ತಂತಿಗಳ ಹೊರ ತುದಿಗೆ ಲಗ್ ಕೂರಿಸಿ. ದಿಕ್ಕಿನ ಪ್ರಶ್ನೆ ಇಲ್ಲ, ಯಾವ ತುದಿ ಯಾವ ಸ್ಕ್ರೂವಿಗೆ ಹೋದರೂ ನಡೆಯುತ್ತದೆ.

ರೆಸಿಸ್ಟರ್ ಇಲ್ಲದೆ ನಿಯಾನನ್ನು ಲೈನಿಗೆ ಎಂದಿಗೂ ಜೋಡಿಸಬಾರದು. ಒಮ್ಮೆ ಹೊತ್ತಿಕೊಂಡ ನಿಯಾನ್ ತಾನಾಗಿ ಕರೆಂಟನ್ನು ಮಿತಿಗೊಳಿಸದು. ರಿಂಗಿನ ನಡುವೆಯೇ ಲೈನು ಎತ್ತಲ್ಪಟ್ಟಂತಾಗಿ ಕರೆ ಕಡಿದುಹೋಗುತ್ತದೆ, ದೀಪವೂ ಕಪ್ಪಾಗುತ್ತದೆ. ಮನೆಯ ಸ್ವಿಚ್‌ಬೋರ್ಡಿನಲ್ಲಿ ಬಳಸುವ, ರೆಸಿಸ್ಟರ್ ಒಳಗೇ ಇರುವ ನಿಯಾನ್ ಇಂಡಿಕೇಟರನ್ನೂ ಬಳಸಬಹುದು, ಆದರೆ ಅದರ ರೆಸಿಸ್ಟರ್ 230 ವೋಲ್ಟಿಗೆ ಲೆಕ್ಕ ಹಾಕಿದ್ದಾದರೆ ಬೆಳಕು ಇನ್ನೂ ಮಂದವಾಗುತ್ತದೆ.

ದೀಪದ ಒಳಗಿನ ಎರಡು ಕಡ್ಡಿಗಳಲ್ಲಿ ಒಂದೇ ಹೆಚ್ಚು ಬೆಳಗಿದರೆ ಗಾಬರಿಯಾಗಬೇಕಿಲ್ಲ. ಡಿಸಿಯ ಮೇಲೆ ಎಸಿ ಕೂತಿರುವುದರಿಂದ ಒಂದು ದಿಕ್ಕಿನ ತುದಿ ಎತ್ತರ, ಇನ್ನೊಂದು ದಿಕ್ಕಿನದು ತಗ್ಗು.

ಹಂತ 5: ಎಲ್‌ಇಡಿ ಸರ್ಕ್ಯೂಟ್ ಕಟ್ಟುವುದು

ಎಲ್‌ಇಡಿಗೆ ನಿಯಾನಿನಂಥ ವಿವೇಚನೆ ಇಲ್ಲ. ಎರಡು ವೋಲ್ಟ್ ಸಿಕ್ಕರೆ ಸಾಕು, ಉರಿಯುತ್ತದೆ. ಹಾಗಾಗಿ ಡಿಸಿಯನ್ನು ತಡೆಯುವ ಕೆಲಸ ಕೆಪ್ಯಾಸಿಟರಿನದು. ಕ್ರಮ ಹೀಗಿರಲಿ: ಲೈನಿನ ಒಂದು ತುದಿಯಿಂದ 0.22 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ಅದರ ನಂತರ 10 ಕಿಲೋಓಮ್ ರೆಸಿಸ್ಟರ್, ಅಲ್ಲಿಂದ ನಾಲ್ಕು ಡಯೋಡುಗಳ ಬ್ರಿಡ್ಜಿನ (ಎಸಿಯನ್ನು ಡಿಸಿಯಾಗಿಸುವ ಜೋಡಣೆ) ಒಂದು ಎಸಿ ಮೂಲೆ. ಬ್ರಿಡ್ಜಿನ ಎದುರಿನ ಎಸಿ ಮೂಲೆಯಿಂದ ಲೈನಿನ ಇನ್ನೊಂದು ತುದಿ. ಬ್ರಿಡ್ಜಿನ ಪ್ಲಸ್ ಮತ್ತು ಮೈನಸ್ ಮೂಲೆಗಳ ನಡುವೆ 100 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್, ಅದಕ್ಕೆ ಸಮಾನಾಂತರವಾಗಿ 12 ವೋಲ್ಟ್ ಝೀನರ್ (ಪಟ್ಟಿಯಿರುವ ತುದಿ ಪ್ಲಸ್ ಕಡೆಗೆ), ಮತ್ತೆ ಸಮಾನಾಂತರವಾಗಿ 470 ಓಮ್ ಹಾಗೂ ಎಲ್‌ಇಡಿಯ ಸರಣಿ.

90 ವೋಲ್ಟ್, 20 ಹರ್ಟ್ಸಿನ ರಿಂಗಿನಲ್ಲಿ 0.22 ಮೈಕ್ರೋಫ್ಯಾರಡ್ ಸುಮಾರು 36 ಕಿಲೋಓಮಿನಷ್ಟು ತಡೆ ಒಡ್ಡುತ್ತದೆ. ಲೈನಿನಿಂದ ಎಳೆಯುವುದು ಎರಡೂವರೆ ಮಿಲಿಆಂಪಿಯರಿಗೂ ಕಡಿಮೆ, ಆರ್‌ಇಎನ್ ಲೆಕ್ಕದಲ್ಲಿ ಹೊರೆ ಸುಮಾರು 0.2. ಇಂದಿನ ಒಳ್ಳೆಯ ಎಲ್‌ಇಡಿಗೆ ಅಷ್ಟು ಧಾರಾಳ. ಅಡಾಪ್ಟರಿನ 50 ವೋಲ್ಟ್ ರಿಂಗಿನಲ್ಲೂ ಒಂದು ಮಿಲಿಆಂಪಿಯರಿಗಿಂತ ಹೆಚ್ಚು ಸಿಗುತ್ತದೆ. ಬೆಳಕು ಸಾಲದೆಂದು ಕೆಪ್ಯಾಸಿಟರನ್ನು 0.47ಕ್ಕೆ ಏರಿಸುವ ಮೊದಲು ಎಲ್‌ಇಡಿಯನ್ನೇ ಬದಲಿಸಿ ನೋಡಿ. ಕೆಪ್ಯಾಸಿಟರ್ ದೊಡ್ಡದಾದಷ್ಟೂ ಗಂಟೆಯ ಪಾಲು ಕಡಿಮೆಯಾಗುತ್ತದೆ.

ಬ್ರಿಡ್ಜಿನ ಬದಲು ಒಂದೇ ಡಯೋಡನ್ನು ಸರಣಿಯಲ್ಲಿ ಹಾಕುವುದು ಬಹಳ ಸಾಮಾನ್ಯವಾದ ತಪ್ಪು. ಹಾಗೆ ಮಾಡಿದರೆ ಕೆಪ್ಯಾಸಿಟರ್ ಒಂದೇ ದಿಕ್ಕಿನಲ್ಲಿ ಚಾರ್ಜ್ ಆಗುತ್ತದೆ, ತಿರುಗಿ ಖಾಲಿಯಾಗಲು ಅದಕ್ಕೆ ದಾರಿಯಿಲ್ಲ. ರಿಂಗಿನ ಮೊದಲ ಕ್ಷಣದಲ್ಲಿ ಎಲ್‌ಇಡಿ ಒಮ್ಮೆ ಮಿಂಚಿ ಆರುತ್ತದೆ, ಆಮೇಲೆ ಎಷ್ಟು ರಿಂಗ್ ಬಂದರೂ ಕತ್ತಲೆ. ನಿಮ್ಮ ದೀಪ ಹೀಗೆ ನಡೆದುಕೊಳ್ಳುತ್ತಿದ್ದರೆ ಬೇರೆಲ್ಲೂ ಹುಡುಕಬೇಡಿ, ಡಯೋಡುಗಳನ್ನೇ ನೋಡಿ.

100 ಮೈಕ್ರೋಫ್ಯಾರಡ್ ಎರಡು ಉಪಕಾರ ಮಾಡುತ್ತದೆ. 20 ಹರ್ಟ್ಸಿನ ಕಣ್ಣು ಕುಕ್ಕುವ ಕಂಪನವನ್ನು ಅದು ಸಮ ಮಾಡುತ್ತದೆ. ಜೊತೆಗೆ, ಡಯಲ್ ತಿರುಗಿಸುವಾಗ ಲೈನ್ ಕಡಿದು ಕೂಡಿಕೊಳ್ಳುವ ಪ್ರತಿ ಪಲ್ಸಿನಲ್ಲೂ ಒಂದಿಷ್ಟು ಚಾರ್ಜ್ ನಮ್ಮ ಸರ್ಕ್ಯೂಟಿಗೆ ನುಗ್ಗುತ್ತದೆ. ದೊಡ್ಡ ಕೆಪ್ಯಾಸಿಟರ್ ಅದನ್ನು ನುಂಗಿಕೊಳ್ಳುವುದರಿಂದ ಎಲ್‌ಇಡಿ ಪ್ರತಿ ಅಂಕೆಗೂ ಮಿನುಗುವುದು ತಪ್ಪುತ್ತದೆ. ರಿಂಗಿನಲ್ಲಿ ಬರುವ ಚಾರ್ಜ್ ಇದಕ್ಕಿಂತ ಬಹಳ ಹೆಚ್ಚಾದ್ದರಿಂದ ದೀಪ ಹೊತ್ತಿಕೊಳ್ಳಲು ತಡವಾಗದು.

ಝೀನರನ್ನು ಅನಗತ್ಯವೆಂದು ಬಿಡಬೇಡಿ. ಎಲ್‌ಇಡಿಯ ಬೆಸುಗೆ ಬಿಟ್ಟುಹೋದರೆ ಕರೆಂಟಿಗೆ ದಾರಿ ತಪ್ಪಿ, 16 ವೋಲ್ಟಿನ ಕೆಪ್ಯಾಸಿಟರಿನ ಮೇಲೆ ನೂರಕ್ಕೂ ಹೆಚ್ಚು ವೋಲ್ಟ್ ಏರಿ ಅದು ಸಿಡಿಯಬಹುದು. ಹಳೆಯ ಫೋನಿನ ಮುಚ್ಚಿದ ಹೊಟ್ಟೆಯೊಳಗೆ ಅದು ಆಗಬಾರದ ಘಟನೆ.

ಹಂತ 6: ಫೋನಿನ ಹೊರಗೇ ಪರೀಕ್ಷೆ

ಕಟ್ಟಿದ ಸರ್ಕ್ಯೂಟನ್ನು ಒಳಗಿಡುವ ಮೊದಲು ಅದರ ಎರಡು ತುದಿಗಳ ನಡುವೆ ಓಮ್ ಅಳೆಯಿರಿ. ಯಾವ ದಿಕ್ಕಿನಲ್ಲಿ ಅಳೆದರೂ ಕೊನೆಗೆ ಅಂಕೆ ಅನಂತಕ್ಕೆ, ಕನಿಷ್ಠ 5 ಮೆಗಾಓಮಿಗಿಂತ ಮೇಲೆ ಹೋಗಬೇಕು. ಆನಂತರ ಲೈನನ್ನು ಕಳಚಿಟ್ಟು ಹೆಚ್ಚುವರಿ ಬಳ್ಳಿಯ ಒಂದು ತಂತಿಯಲ್ಲಿ ಮಲ್ಟಿಮೀಟರನ್ನು ಮೈಕ್ರೋಆಂಪಿಯರ್ ಶ್ರೇಣಿಯಲ್ಲಿ ಸರಣಿಯಾಗಿ ಸೇರಿಸಿ, ಬಳ್ಳಿಯ ಕೊನೆಗೆ ದೀಪದ ಸರ್ಕ್ಯೂಟನ್ನು ಮಾತ್ರ ಜೋಡಿಸಿ, ಆಮೇಲೆ ಲೈನ್ ಕೊಡಿ. ಕೆಲವು ಕ್ಷಣಗಳಲ್ಲಿ ಅಂಕೆ ಸೊನ್ನೆಯ ಆಸುಪಾಸಿಗೆ ಬರಬೇಕು. ಹತ್ತಾರು ಮೈಕ್ರೋಆಂಪಿಯರ್ ಹರಿಯುತ್ತಲೇ ಇದ್ದರೆ ಕೆಪ್ಯಾಸಿಟರ್ ಸೋರುತ್ತಿದೆ ಅಥವಾ ಬೆಸುಗೆಯ ಜಿಗುಟು ಎರಡು ತುದಿಗಳ ನಡುವೆ ಹರಡಿದೆ. ಕರೆ ಮಾಡುವ ಮುನ್ನ ಮಲ್ಟಿಮೀಟರನ್ನು ಈ ಸ್ಥಾನದಿಂದ ತೆಗೆಯಲು ಮರೆಯಬೇಡಿ.

ಈಗ ಫೋನನ್ನೂ ದೀಪವನ್ನೂ ಸಮಾನಾಂತರವಾಗಿ ಲೈನಿಗೆ ಜೋಡಿಸಿ, ಮೊಬೈಲಿನಿಂದ ಕರೆ ಮಾಡಿ. ಗಂಟೆಯ ಸದ್ದನ್ನು ದೀಪವಿದ್ದಾಗ ಒಮ್ಮೆ, ಬಿಡಿಸಿದಾಗ ಒಮ್ಮೆ ಕೇಳಿ ಹೋಲಿಸಿ. ಸದ್ದು ಕುಗ್ಗಿದ್ದರೆ ಹೊರೆ ಹೆಚ್ಚಾಗಿದೆ. ಮೊದಲ ರಿಂಗಿನ ಮಧ್ಯದಲ್ಲೇ ಗಂಟೆ ನಿಂತು, ಮೊಬೈಲಿನಲ್ಲಿ ಕರೆ ಸ್ವೀಕೃತವಾದಂತೆ ಕಂಡರೆ ಎಕ್ಸ್‌ಚೇಂಜ್ ಅಥವಾ ಅಡಾಪ್ಟರ್ ಮೋಸಹೋಗಿದೆ ಎಂದರ್ಥ. ಕೂಡಲೇ ಬಿಡಿಸಿ, ಲೈನಿನ ಕಡೆಯ ಕೆಪ್ಯಾಸಿಟರನ್ನೂ ರೆಸಿಸ್ಟರನ್ನೂ ಪುನಃ ಪರೀಕ್ಷಿಸಿ.

ನಿಯಾನ್ ಹಾಕಿದವರು ಇನ್ನೊಂದನ್ನು ಗಮನಿಸಬೇಕು. ರಿಂಗ್ ನಿಂತ ಮೇಲೂ ದೀಪ ಸಣ್ಣಗೆ ಉರಿಯುತ್ತಲೇ ಇದ್ದರೆ ನಿಮ್ಮ ಲೈನಿನ ಡಿಸಿ ವೋಲ್ಟೇಜ್ ಆ ದೀಪ ಉರಿದುಕೊಂಡಿರಲು ಬೇಕಾದ ಮಟ್ಟವನ್ನು ಮುಟ್ಟುತ್ತಿದೆ. ಹೊತ್ತಿಕೊಳ್ಳಲು ಬೇಕಾದುದಕ್ಕಿಂತ ಉರಿದುಕೊಂಡಿರಲು ಬೇಕಾದ ವೋಲ್ಟೇಜ್ ಕಡಿಮೆ. ರೆಸಿಸ್ಟರಿನ ಜೊತೆ ಸರಣಿಯಲ್ಲಿ 0.22 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಸೇರಿಸಿದರೆ ಇದು ನಿಲ್ಲುತ್ತದೆ.

ಒಂದು ಇಡೀ ದಿನ ಹೀಗೆ ಹೊರಗೇ ಬಿಟ್ಟು, ಒಳಬರುವ ಮತ್ತು ಹೊರಹೋಗುವ ಕರೆಗಳೆರಡನ್ನೂ ನೋಡಿಕೊಳ್ಳುವುದು ಒಳ್ಳೆಯದು.

ಹಂತ 7: ಫೋನಿನೊಳಗೆ ಕೂರಿಸುವುದು

ಬೇಕಲೈಟ್ ಕವಚಕ್ಕೆ ರಂಧ್ರ ಕೊರೆಯಬೇಡಿ. ಹಳೆಯ ಬೇಕಲೈಟ್ ಒಣಗಿ ಬಿರುಸಾಗಿರುತ್ತದೆ. ಡ್ರಿಲ್ ಬಿಟ್ ಒಳಬದಿಯಿಂದ ಹೊರಬರುವಾಗ ಚಕ್ಕೆ ಏಳುತ್ತದೆ ಅಥವಾ ಅಂಚಿನವರೆಗೆ ಸೀಳುತ್ತದೆ, ಆ ಸೀಳು ಮತ್ತೆ ಕೂಡುವುದಿಲ್ಲ. ಕೆಲವು ಹಳೆಯ ಅಚ್ಚುಗಳಲ್ಲಿ ಕಲ್ನಾರು ಬೆರೆಸಿರುವುದೂ ಉಂಟಾದ್ದರಿಂದ ಅದರ ಧೂಳು ಉಸಿರಿಗೆ ಹೋಗುವುದು ಒಳ್ಳೆಯದಲ್ಲ.

ಬೆಳಕಿಗೆ ದಾರಿ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಗಂಟೆಯ ಸದ್ದು ಹೊರಬರಲು ತಳದಲ್ಲಿ ಬಿಟ್ಟ ಸೀಳುಗಳು, ಬಳ್ಳಿ ಹೊರಬರುವ ರಂಧ್ರದ ಪಕ್ಕದ ಸಂದು, ರಿಸೀವರ್ ಕೂರುವ ಕ್ರೇಡಲ್ ಕೆಳಗಿನ ತೆರವು, ಇವುಗಳಲ್ಲಿ ಒಂದರ ಬಳಿ ದೀಪ ಇಟ್ಟರೆ ಮೇಜಿನ ಮೇಲೆ ಬೆಳಕು ಹರಡುತ್ತದೆ. ಕತ್ತಲ ಹೊಟ್ಟೆಯೊಳಗೆ ಪೂರ್ತಿ ಮುಚ್ಚಿದ ನಿಯಾನ್ ಹೊತ್ತಿಕೊಳ್ಳಲು ತುಸು ತಡಮಾಡಬಹುದು, ಸಂದಿನ ಬಳಿ ಹೊರಗಿನ ಬೆಳಕು ತಾಗುವಲ್ಲಿ ಇಟ್ಟರೆ ಈ ತೊಂದರೆ ಕಡಿಮೆ. ಯಾವ ಸಂದೂ ಸರಿಹೋಗದಿದ್ದರೆ ದೀಪವನ್ನು ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಫೋನಿನ ಪಕ್ಕದಲ್ಲಿ ಇಡಿ. ವಿದ್ಯುತ್ತಿಗೆ ಸಂಬಂಧಿಸಿ ಅದರಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ಲೈನನ್ನು ಕಳಚಿ, ಎಲ್1 ಮತ್ತು ಎಲ್2 ಸ್ಕ್ರೂಗಳನ್ನು ಅರ್ಧ ಸಡಿಲಿಸಿ, ಲಗ್‌ಗಳನ್ನು ಹಳೆಯ ತಂತಿಗಳ ಮೇಲೆ ಜಾರಿಸಿ ಬಿಗಿಯಿರಿ. ಫೋನಿನ ಮೂಲ ತಂತಿಗಳಿಗೆ ಬೆಸುಗೆ ಬೇಡ, ಬಳ್ಳಿಯನ್ನು ಕತ್ತರಿಸುವುದಂತೂ ಬೇಡವೇ ಬೇಡ. ಹಳೆಯ ಬಳ್ಳಿಗಳ ಒಳಗೆ ಸಾಮಾನ್ಯ ತಾಮ್ರದ ತಂತಿ ಇರುವುದಿಲ್ಲ. ನೂಲಿನ ಎಳೆಯ ಸುತ್ತ ತೆಳುವಾದ ತಾಮ್ರದ ಪಟ್ಟಿ ಸುತ್ತಿರುತ್ತದೆ. ಬೆಸುಗೆಯ ಬಿಸಿಗೆ ನೂಲು ಸುಟ್ಟು, ಪಟ್ಟಿ ಪುಡಿಯಾಗುತ್ತದೆ.

ಸರ್ಕ್ಯೂಟನ್ನು ತಳದ ಲೋಹದ ತಟ್ಟೆಗೆ ತಾಗದಂತೆ ಪೂರ್ತಿ ಸ್ಲೀವಿನಲ್ಲಿ ಸುತ್ತಿ, ಗಂಟೆಯ ಬಡಿಗೆ ಮತ್ತು ಕ್ರೇಡಲ್ ಸ್ವಿಚ್ಚಿನ ಎಲೆಗಳು ಚಲಿಸುವ ದಾರಿಯಿಂದ ದೂರ ಕಟ್ಟಿ. ತಂತಿ ಗಂಟೆಯ ಬಟ್ಟಲಿಗೆ ತಾಗಿದರೆ ನಾದ ಸತ್ತುಹೋಗುತ್ತದೆ. ಕ್ರೇಡಲ್ ಸ್ವಿಚ್ಚಿನ ಎಲೆಗಳ ನಡುವೆ ಸಿಕ್ಕಿಕೊಂಡರೆ ರಿಸೀವರ್ ಇಟ್ಟರೂ ಲೈನ್ ಬಿಡುಗಡೆಯಾಗುವುದಿಲ್ಲ. ಕವಚ ಮುಚ್ಚುವ ಮುನ್ನ ಕ್ರೇಡಲನ್ನು ಹಲವು ಬಾರಿ ಒತ್ತಿ ಬಿಟ್ಟು, ಡಯಲನ್ನು ಪೂರ್ತಿ ತಿರುಗಿಸಿ, ಏನೂ ಉಜ್ಜುತ್ತಿಲ್ಲವೆಂದು ಕಣ್ಣಾರೆ ನೋಡಿ.

ಹಂತ 8: ಮುಚ್ಚಿದ ಮೇಲಿನ ಪರಿಶೀಲನೆ

ಲೈನ್ ಕೊಟ್ಟು, ರಿಸೀವರ್ ಎತ್ತಿ ಡಯಲ್ ಟೋನ್ ಸ್ವಚ್ಛವಾಗಿದೆಯೇ ಕೇಳಿ. ಮೊದಲಿಲ್ಲದ ಗುಂಯ್‌ಗುಡುವ ಸದ್ದು ಬಂದರೆ ಸರ್ಕ್ಯೂಟಿನ ಯಾವುದೋ ತುದಿ ಲೋಹದ ತಟ್ಟೆಗೆ ತಾಗಿ ಲೈನಿನ ಎರಡು ತಂತಿಗಳ ಸಮತೋಲ ಕೆಟ್ಟಿದೆ. ಒಂದು ಸಂಖ್ಯೆಯನ್ನು ಡಯಲ್ ಮಾಡಿ, ಅದು ಸರಿಯಾದ ಜಾಗಕ್ಕೆ ಹೋಗುತ್ತದೆಯೇ ನೋಡಿ. ಡಯಲ್ ಮಾಡುವಾಗ ನಿಯಾನ್ ಅಲ್ಲೊಮ್ಮೆ ಇಲ್ಲೊಮ್ಮೆ ಮಿಂಚುವುದು ದೋಷವಲ್ಲ; ಲೈನ್ ಕಡಿಯುವ ಕ್ಷಣದಲ್ಲಿ ಸುರುಳಿಗಳು ಎಬ್ಬಿಸುವ ಏರು ವೋಲ್ಟೇಜ್ ಅದು. ಕೊನೆಯಲ್ಲಿ ರಿಸೀವರ್ ಇಟ್ಟು ಡಿಸಿ ಅಳೆಯಿರಿ. ಹಂತ 2ರಲ್ಲಿ ಬರೆದುಕೊಂಡ ಅಂಕೆಯೇ ಬರಬೇಕು. ಹಲವು ವೋಲ್ಟ್ ಇಳಿದಿದ್ದರೆ ಎಲ್ಲೋ ಸೋರಿಕೆ ಇದೆ, ಕವಚ ತೆಗೆಯಲೇಬೇಕು.

ದೊಡ್ಡ ದೀಪ ಬೇಕಾದವರಿಗೆ

ಇನ್ನೊಂದು ಕೋಣೆಗೂ ಕಾಣುವಷ್ಟು ಬೆಳಕು ಬೇಕಾದರೆ ಅದರ ಶಕ್ತಿಯನ್ನು ಲೈನಿನಿಂದ ತೆಗೆಯಲಾಗುವುದಿಲ್ಲ. ಹಂತ 5ರ ಸರ್ಕ್ಯೂಟಿನಲ್ಲಿ ಎಲ್‌ಇಡಿಯ ಜಾಗಕ್ಕೆ ಪಿಸಿ817ರಂಥ ಆಪ್ಟೋಕಪ್ಲರಿನ ಒಳಗಿನ ಎಲ್‌ಇಡಿಯನ್ನು ಜೋಡಿಸಿ. ಅದರ ಇನ್ನೊಂದು ಬದಿಯ ಟ್ರಾನ್ಸಿಸ್ಟರ್ ಬೇರೆ ಬ್ಯಾಟರಿಯಿಂದ ನಡೆಯುವ ದೀಪದ ಟ್ರಾನ್ಸಿಸ್ಟರನ್ನು ಚಾಲೂ ಮಾಡಲಿ. ಎರಡು ಬದಿಗಳ ನಡುವೆ ಬೆಳಕು ಮಾತ್ರ ದಾಟಬೇಕು, ಒಂದು ತಂತಿಯೂ ದಾಟಬಾರದು. ಎರಡೂ ಬದಿಯ ಮೈನಸ್ಸನ್ನು ಕೂಡಿಸುವ ಅಭ್ಯಾಸ ಇಲ್ಲಿ ಅಪಾಯಕಾರಿ: ಎಕ್ಸ್‌ಚೇಂಜ್ ಬ್ಯಾಟರಿಯ ಪ್ಲಸ್ ತುದಿ ಭೂಮಿಗೆ ಸೇರಿರುವುದರಿಂದ ಹೊರಗಿನ ಸರ್ಕ್ಯೂಟಿನ ಮೂಲಕ ಲೈನಿಗೆ ಕಳ್ಳದಾರಿ ತೆರೆಯುತ್ತದೆ.

ಮನೆಯ ಕರೆಂಟಿನ ದೀಪವನ್ನು ಇದರಿಂದ ನಡೆಸುವ ಆಸೆಯಿದ್ದರೆ ಆ ಭಾಗವನ್ನು ಫೋನಿನಿಂದ ಹೊರಗೆ, ಮುಚ್ಚಿದ ಡಬ್ಬಿಯಲ್ಲಿ, ತಯಾರಾಗಿ ಸಿಗುವ ರಿಲೇ ಘಟಕದಿಂದ, ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಮೇನ್ಸ್ ತಂತಿ ಹಳೆಯ ಫೋನಿನ ಕವಚದೊಳಗೆ ಯಾವ ಕಾರಣಕ್ಕೂ ಬರಕೂಡದು. ಅದರ ಲೋಹದ ತಳಕ್ಕೆ ಭೂಸಂಪರ್ಕ ಇಲ್ಲ, ಡಯಲನ್ನೂ ರಿಸೀವರನ್ನೂ ಬರಿಗೈ ಮುಟ್ಟುತ್ತದೆ. ಲೈನಿಗೆ ಮಾರ್ಪಡಿಸಿದ ಉಪಕರಣ ಜೋಡಿಸುವ ಬಗ್ಗೆ ಸೇವೆ ಕೊಡುವವರ ನಿಯಮಗಳನ್ನೂ ಮೊದಲೇ ಕೇಳಿಕೊಳ್ಳಿ.

ಕೊನೆಯದಾಗಿ, ಕಟ್ಟಿದ ಸರ್ಕ್ಯೂಟಿನ ಚಿತ್ರವನ್ನೂ ಭಾಗಗಳ ಅಳತೆಗಳನ್ನೂ ಒಂದು ಚೀಟಿಯಲ್ಲಿ ಬರೆದು ತಳದ ತಟ್ಟೆಯ ಒಳಬದಿಗೆ ಅಂಟಿಸಿ. ಮುಂದೆ ಆ ಫೋನನ್ನು ತೆರೆಯುವವರಿಗೆ ಎರಡು ಸ್ಕ್ರೂ ಸಡಿಲಿಸಿದರೆ ದೀಪ ಪೂರ್ತಿ ಹೊರಬರುತ್ತದೆಂದು ಅದರಿಂದ ತಿಳಿಯುತ್ತದೆ.